ಹೊಸ್ತಿಲ ವಯಸ್ಸಿನ ಕಥನ: ಹದಿಹರೆಯದವರ ಕಾದಂಬರಿಯ ಪ್ರವೃತ್ತಿಗಳು ಮತ್ತು ಭಿನ್ನತೆಗಳು

ಮಕ್ಕಳಿಗೆ ಯಾವ ಕಥೆಗಳನ್ನು ಹೇಳಬೇಕು ಎಂಬ ಪ್ರಶ್ನೆಯನ್ನು ಜಾನಪದ ವಿದ್ವಾಂಸರೂ ಮಕ್ಕಳ ಸಾಹಿತ್ಯದ ವಿಮರ್ಶಕರೂ ಬಹುಕಾಲದಿಂದ ಚರ್ಚಿಸುತ್ತ ಬಂದಿದ್ದಾರೆ. ಮಕ್ಕಳೆಂದು ಕರೆಸಿಕೊಳ್ಳಲು ಒಪ್ಪದ, ದೊಡ್ಡವರೆಂದು ಇನ್ನೂ ಎಣಿಕೆಗೆ ಬಾರದ ಹನ್ನೆರಡರಿಂದ ಹದಿನೆಂಟರ ವಯಸ್ಸಿನವರಿಗೆ ಯಾವ ಕಥೆಗಳಿವೆ ಎಂಬ ಪ್ರಶ್ನೆ ಮಾತ್ರ ಕನ್ನಡದಲ್ಲಿ ಅಷ್ಟಾಗಿ ಚರ್ಚೆಗೆ ಒಳಗಾಗಿಲ್ಲ. ಈ ವಯಸ್ಸನ್ನು ಕುರಿತು ವೈದ್ಯರು ಬರೆದಿದ್ದಾರೆ, ಮನಶ್ಶಾಸ್ತ್ರಜ್ಞರು ಬರೆದಿದ್ದಾರೆ, ಶಿಕ್ಷಣ ಇಲಾಖೆ ಕೈಪಿಡಿಗಳನ್ನು ಹೊರತಂದಿದೆ. ಕಥನ ಸಾಹಿತ್ಯದ ದೃಷ್ಟಿಯಿಂದ ಅದನ್ನು ನೋಡಿದ ಬರಹಗಳು ವಿರಳ.

ಹದಿಹರೆಯದವರಿಗಾಗಿಯೇ ಬರೆಯಲಾದ ಕಾದಂಬರಿ ಒಂದು ಪ್ರತ್ಯೇಕ ಪ್ರಭೇದವಾಗಿ ಬೆಳೆದದ್ದು ಮುಖ್ಯವಾಗಿ ಅಮೆರಿಕದಲ್ಲಿ. ಆ ಬೆಳವಣಿಗೆಯ ಪ್ರಮುಖ ಪ್ರವೃತ್ತಿಗಳನ್ನು ಗುರುತಿಸುವುದು, ಕನ್ನಡದ ಸ್ಥಿತಿಯೊಡನೆ ಅದರ ಭಿನ್ನತೆಯನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇದಕ್ಕೆ ಜನಪದ ಕಥನವನ್ನು ಅಳತೆಗೋಲಾಗಿ ಬಳಸಿಕೊಳ್ಳಲಾಗಿದೆ. ಈ ವಯಸ್ಸಿಗೆ ಹೇಳಬೇಕಾದದ್ದನ್ನು ನಮ್ಮ ಮೌಖಿಕ ಪರಂಪರೆ ತನ್ನದೇ ರೀತಿಯಲ್ಲಿ ಹೇಳುತ್ತಿತ್ತು. ಮುದ್ರಣ ಯುಗದ ಕನ್ನಡ ಸಾಹಿತ್ಯ ಆ ಕೇಳುಗರನ್ನು ನಡುದಾರಿಯಲ್ಲಿ ಬಿಟ್ಟಿತು ಎಂಬುದು ಇಲ್ಲಿಯ ಮುಖ್ಯ ಪ್ರತಿಪಾದನೆ.

1. ಹೆಸರು ಮತ್ತು ಕಪಾಟು

ಕನ್ನಡದಲ್ಲಿ ಈ ವಯಸ್ಸಿಗೆ ಹೆಸರುಗಳ ಕೊರತೆಯಿಲ್ಲ. ಹರೆಯ, ಪ್ರಾಯ, ಎಳವೆ, ಯೌವನ ಮುಂತಾದ ಪದಗಳು ಬಳಕೆಯಲ್ಲಿವೆ. ಹದಿಮೂರು, ಹದಿನಾಲ್ಕು ಎಂಬ ಎಣಿಕೆಯ ‘ಹದಿ’ಯನ್ನು ಹರೆಯಕ್ಕೆ ಕೂಡಿಸಿ ‘ಹದಿಹರೆಯ’ ಎಂಬ ಪದವನ್ನೂ ಮಾಡಿಕೊಂಡಿದ್ದೇವೆ. ಆಡುಮಾತಿನಲ್ಲಿ ಹುಡುಗಿ ‘ಮೈನೆರೆಯುತ್ತಾಳೆ’, ‘ದೊಡ್ಡವಳಾಗುತ್ತಾಳೆ’. ಹುಡುಗನಿಗೆ ‘ಮೀಸೆ ಮೂಡುತ್ತದೆ’. ಇವೆಲ್ಲ ದೇಹದ ಬದಲಾವಣೆಯನ್ನು ಸೂಚಿಸುವ ಮಾತುಗಳು. ಓದುಗನಾಗಿ ಅಥವಾ ಓದುಗಳಾಗಿ ಈ ವಯಸ್ಸಿನವರನ್ನು ಗುರುತಿಸುವ ಪದ ಮಾತ್ರ ನಮ್ಮಲ್ಲಿ ಗಟ್ಟಿಗೊಂಡಿಲ್ಲ. ಮರಾಠಿಯಲ್ಲಿ ಬಾಲಭಾರತಿ ಸಂಸ್ಥೆ 1971ರಲ್ಲಿ ಆರಂಭಿಸಿದ ಮಾಸಿಕದ ಹೆಸರೇ ‘ಕಿಶೋರ್’. ಬಂಗಾಳಿಯಲ್ಲಿ ‘ಕಿಶೋರ ಸಾಹಿತ್ಯ’ ಎಂಬುದು ಲೇಖಕರೂ ಪ್ರಕಾಶಕರೂ ಓದುಗರೂ ಒಪ್ಪಿಕೊಂಡ ವಿಭಾಗ. 1965ರಲ್ಲಿ ‘ಸಂದೇಶ್’ ಪತ್ರಿಕೆಯಲ್ಲಿ ಕಾಣಿಸಿಕೊಂಡ ಸತ್ಯಜಿತ್ ರಾಯ್ ಅವರ ಫೆಲೂದಾ ಆ ಕಪಾಟಿನ ಅತಿ ಪರಿಚಿತ ಪಾತ್ರ. ಕನ್ನಡದಲ್ಲಿ ‘ಮಕ್ಕಳ ಸಾಹಿತ್ಯ’ದ ಕಪಾಟಿದೆ, ‘ಸಾಹಿತ್ಯ’ದ ಕಪಾಟಿದೆ, ಇವೆರಡರ ನಡುವೆ ಜಾಗ ಖಾಲಿಯಿದೆ.

ಈ ಖಾಲಿ ಜಾಗ ಸಂಸ್ಥೆಗಳ ವಿಂಗಡಣೆಯಲ್ಲಿಯೂ ಎದ್ದು ಕಾಣುತ್ತದೆ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಬಾಲಸಾಹಿತ್ಯ ಪುರಸ್ಕಾರವನ್ನೂ 2011ರಿಂದ ಯುವ ಪುರಸ್ಕಾರವನ್ನೂ ನೀಡುತ್ತಿದೆ. ಬಾಲಸಾಹಿತ್ಯ ಪುರಸ್ಕಾರಕ್ಕೆ ಓದುಗರ ವಯಸ್ಸು ಲೆಕ್ಕ: 9ರಿಂದ 16 ವರ್ಷದವರಿಗಾಗಿ ಬರೆದ ಕೃತಿಗಳು. ಯುವ ಪುರಸ್ಕಾರಕ್ಕೆ ಬರೆಯುವವರ ವಯಸ್ಸು ಲೆಕ್ಕ: 35 ವರ್ಷ ಮೀರದ ಲೇಖಕರು. ಹೀಗಾಗಿ ಒಂಬತ್ತರ ಬಾಲಕಿಯೂ ಹದಿನಾರರ ತರುಣಿಯೂ ಒಂದೇ ಕಪಾಟಿಗೆ ಸೇರುತ್ತಾರೆ; ಹದಿನೇಳು, ಹದಿನೆಂಟರವರು ಯಾವ ಕಪಾಟಿಗೂ ಸೇರುವುದಿಲ್ಲ. ಇದು ಒಂದು ಸಂಸ್ಥೆಯ ದೋಷವೆಂದು ಹೇಳುತ್ತಿಲ್ಲ. ನಮ್ಮ ಸಾಹಿತ್ಯಿಕ ಚಿಂತನೆಯಲ್ಲಿ ರೂಢಿಯಾಗಿರುವ ವಿಂಗಡಣೆಯೇ ಅಲ್ಲಿ ಪ್ರತಿಫಲಿಸಿದೆ. ಒಂದೇ ಕಪಾಟಿಗೆ ಬರೆಯುವ ಲೇಖಕ ಸಹಜವಾಗಿಯೇ ಅತಿ ಕಿರಿಯ ಓದುಗನನ್ನು ಮನಸ್ಸಿನಲ್ಲಿಟ್ಟುಕೊಳ್ಳುತ್ತಾನೆ. ಆಗ ಹದಿನಾರರ ಓದುಗಳಿಗೆ ಹೇಳಬೇಕಾದದ್ದು ಹೇಳದೆ ಉಳಿಯುತ್ತದೆ.

2. ಅಮೆರಿಕದ ‘ಯಂಗ್ ಅಡಲ್ಟ್’ ಕಾದಂಬರಿ: ಪ್ರವೃತ್ತಿಗಳು

ಅಮೆರಿಕದಲ್ಲಿ ಈ ಕಪಾಟನ್ನು ಮೊದಲು ಮಾಡಿದವರಲ್ಲಿ ಗ್ರಂಥಪಾಲಕರು ಪ್ರಮುಖರು. ಅಮೆರಿಕನ್ ಗ್ರಂಥಾಲಯ ಸಂಘವು 1957ರಲ್ಲಿ ಈ ವಯಸ್ಸಿನ ಓದುಗರ ಸೇವೆಗೆಂದು ಪ್ರತ್ಯೇಕ ವಿಭಾಗವನ್ನು ರಚಿಸಿತು. ‘ಯಂಗ್ ಅಡಲ್ಟ್’ ಎಂಬ ಹೆಸರು ಗ್ರಂಥಾಲಯದಿಂದ ಪ್ರಕಾಶಕರ ಬಳಿಗೆ ಹೋಯಿತು. 12ರಿಂದ 18ರವರೆಗಿನ ವಯಸ್ಸು ಅದರ ವ್ಯಾಪ್ತಿ. ಹೆಸರು ಹುಟ್ಟುವ ಮೊದಲೇ, 1942ರಲ್ಲಿ, ಮೌರೀನ್ ಡೇಲಿ ಅವರ ‘ಸೆವೆಂಟೀನ್ತ್ ಸಮ್ಮರ್’ ಬಂದಿತ್ತು. ಶಾಲೆ ಮುಗಿಸಿದ ಹುಡುಗಿಯೊಬ್ಬಳ ಒಂದು ಬೇಸಗೆಯ ಪ್ರೇಮವೇ ಅದರ ವಸ್ತು. ಇದು ಮೊದಲ ಹಂತ: ಹರೆಯವೆಂದರೆ ಪ್ರೇಮ.

1967ರಲ್ಲಿ ಪ್ರಕಟವಾದ ‘ದಿ ಔಟ್‌ಸೈಡರ್ಸ್’ ಈ ಚಿತ್ರವನ್ನು ಬದಲಿಸಿತು. ಓಕ್ಲಹೋಮಾದ ಎಸ್. ಇ. ಹಿಂಟನ್ ಹೈಸ್ಕೂಲಿನಲ್ಲಿರುವಾಗಲೇ ಅದನ್ನು ಬರೆಯಲು ತೊಡಗಿದ್ದಳು. ಗಂಡು ಹುಡುಗರ ಗುಂಪುಗಳ ಕಾದಾಟದ ಕಥೆಯನ್ನು ಹುಡುಗಿ ಬರೆದಿದ್ದಾಳೆಂದು ವಿಮರ್ಶಕರು ತಳ್ಳಿಹಾಕಬಾರದೆಂದು ಪ್ರಕಾಶಕರು ಹೆಸರಿನ ಮೊದಲಕ್ಷರಗಳನ್ನಷ್ಟೇ ಬಳಸಿದರು. ಬಡವರ ಕೇರಿಯ ಹುಡುಗರಿಗೂ ಸಿರಿವಂತರ ಮಕ್ಕಳಿಗೂ ನಡುವಿನ ವರ್ಗಭೇದ ಇಲ್ಲಿ ಕಥೆಯ ಕೇಂದ್ರಕ್ಕೆ ಬಂದಿತು. ಕಥೆಯನ್ನು ಹೇಳುವವನು ಹದಿನಾಲ್ಕರ ಹುಡುಗ. ದೊಡ್ಡವರು ನೆನೆದು ಹೇಳುವ ಬಾಲ್ಯಕ್ಕೂ ಆ ವಯಸ್ಸಿನವನೇ ಆಗ ಹೇಳುವ ಕಥೆಗೂ ಇರುವ ವ್ಯತ್ಯಾಸ ಈ ಪ್ರಭೇದದ ಮುಖ್ಯ ಲಕ್ಷಣವಾಯಿತು. ಇದರ ಬೆನ್ನಿಗೆ 1974ರಲ್ಲಿ ರಾಬರ್ಟ್ ಕಾರ್ಮಿಯರ್ ಅವರ ‘ದಿ ಚಾಕೊಲೇಟ್ ವಾರ್’, 1975ರಲ್ಲಿ ಜೂಡಿ ಬ್ಲೂಮ್ ಅವರ ‘ಫಾರೆವರ್’ ಬಂದವು. ಮೊದಲನೆಯದು ಶಾಲೆಯ ದಬ್ಬಾಳಿಕೆಗೆ ಮಣಿಯದ ಹುಡುಗನ ಸೋಲನ್ನು ಸೋಲಾಗಿಯೇ ಚಿತ್ರಿಸಿತು. ಎರಡನೆಯದು ಹದಿಹರೆಯದ ದೈಹಿಕ ಸಂಬಂಧವನ್ನು ಶಿಕ್ಷೆಯ ನೀತಿಪಾಠವಿಲ್ಲದೆ ಹೇಳಿತು. ಇದನ್ನು ಎರಡನೆಯ ಹಂತವೆನ್ನಬಹುದು: ಹರೆಯವೆಂದರೆ ಸಮಸ್ಯೆ, ಅದನ್ನು ಎದುರಿಸುವ ಧ್ವನಿ.

ಮೂರನೆಯ ಹಂತದ ಸಾಹಿತ್ಯಿಕ ಮನ್ನಣೆಗೆ 2000ದಲ್ಲಿ ಆರಂಭವಾದ ಪ್ರಿಂಟ್ಜ್ ಪ್ರಶಸ್ತಿ ಸಾಕ್ಷಿ. ಅದರ ಮೊದಲ ಕೃತಿ ವಾಲ್ಟರ್ ಡೀನ್ ಮೈಯರ್ಸ್ ಅವರ ‘ಮಾನ್‌ಸ್ಟರ್’. ಕೊಲೆಯ ಆರೋಪ ಹೊತ್ತ ಹದಿನಾರರ ಕಪ್ಪು ಹುಡುಗ ತನ್ನ ವಿಚಾರಣೆಯನ್ನು ಚಿತ್ರಕಥೆಯ ರೂಪದಲ್ಲಿ ಬರೆದುಕೊಳ್ಳುತ್ತಾನೆ. ಆನಂತರ ‘ಟ್ವಿಲೈಟ್’ (2005), ‘ದಿ ಹಂಗರ್ ಗೇಮ್ಸ್’ (2008) ಮುಂತಾದ ಕೃತಿಗಳ ಮೂಲಕ ಅದ್ಭುತ ಮತ್ತು ದುಃಸ್ವಪ್ನದ ಲೋಕಗಳು ಮಾರುಕಟ್ಟೆಯನ್ನು ಆಳಿದವು. ಆಂಜಿ ಥಾಮಸ್ ಅವರ ‘ದಿ ಹೇಟ್ ಯು ಗಿವ್’ (2017) ಪೊಲೀಸರ ಗುಂಡಿಗೆ ಗೆಳೆಯನನ್ನು ಕಳೆದುಕೊಂಡ ಕಪ್ಪು ಹುಡುಗಿಯ ಸಾಕ್ಷ್ಯವಾಗಿ ಬಂದು ವಾಸ್ತವವನ್ನು ಮತ್ತೆ ಮುನ್ನೆಲೆಗೆ ತಂದಿತು.

ಕಪಾಟು ಇದ್ದ ಮಾತ್ರಕ್ಕೆ ಅದು ಹದಿಹರೆಯದವರಿಗೇ ಉಳಿಯುತ್ತದೆಂದು ಹೇಳಲಾಗದು. 2012ರಲ್ಲಿ ಬೌಕರ್ ಸಂಸ್ಥೆ ನಡೆಸಿದ ಸಮೀಕ್ಷೆಯ ಪ್ರಕಾರ ಈ ವರ್ಗದ ಪುಸ್ತಕಗಳನ್ನು ಕೊಳ್ಳುವವರಲ್ಲಿ ಶೇಕಡ 55ರಷ್ಟು ಮಂದಿ 18 ವರ್ಷ ಮೀರಿದವರು. ಸೇಂಟ್ ಮಾರ್ಟಿನ್ಸ್ ಪ್ರಕಾಶನ 2009ರಲ್ಲಿ ‘ನ್ಯೂ ಅಡಲ್ಟ್’ ಎಂಬ ಮತ್ತೊಂದು ಹೆಸರನ್ನು ಚಲಾವಣೆಗೆ ತಂದಿತು. ಹದಿಮೂರರ ಓದುಗನಿಗೂ ಹದಿನೇಳರ ಓದುಗನಿಗೂ ಬೇಕಾದದ್ದು ಬೇರೆ ಎಂಬುದನ್ನು ಗ್ರಂಥಪಾಲಕರು ಬಲ್ಲರು. ಮಾರುಕಟ್ಟೆಯ ಒಲವು ಹಿರಿಯ ಕೊಳ್ಳುಗನ ಕಡೆಗೆ. ಆದ್ದರಿಂದ ಅಮೆರಿಕದ ಮಾದರಿಯನ್ನು ಹಾಗೆಯೇ ಎತ್ತಿ ತರುವ ಸಲಹೆ ಈ ಲೇಖನದ್ದಲ್ಲ. ಅಲ್ಲಿ ಹದಿಹರೆಯದ ಪಾತ್ರಕ್ಕೆ ತನ್ನ ಬಾಯಿಂದಲೇ ತನ್ನ ಕಥೆಯನ್ನು ಹೇಳುವ ಹಕ್ಕು ದೊರೆಯಿತು ಎಂಬ ಒಂದು ಅಂಶ ಮಾತ್ರ ಮುಂದಿನ ಚರ್ಚೆಗೆ ಅಗತ್ಯ.

3. ಕನ್ನಡದ ಹದಿಹರೆಯ ಓದಿದ್ದು

ಕಪಾಟು ಇಲ್ಲದಿದ್ದರೂ ಓದುಗರು ಇದ್ದರು. ಶಿವರಾಮ ಕಾರಂತರ ‘ಬಾಲಪ್ರಪಂಚ’ (1936) ಮತ್ತು 1949ರಿಂದ ಕನ್ನಡದಲ್ಲಿ ಬಂದು ಈಗ ನಿಂತುಹೋಗಿರುವ ‘ಚಂದಮಾಮ’ದ ಓದನ್ನು ಮುಗಿಸಿದ ಹುಡುಗ ನೇರವಾಗಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಬಳಿಗೆ ಹೋಗುತ್ತಿದ್ದ. ಹುಡುಗಿ ವಾರಪತ್ರಿಕೆಗಳ ಧಾರಾವಾಹಿಗಳಿಗೆ, ತ್ರಿವೇಣಿ, ಎಂ. ಕೆ. ಇಂದಿರಾ, ಸಾಯಿಸುತೆಯವರ ಕಾದಂಬರಿಗಳಿಗೆ ಹೋಗುತ್ತಿದ್ದಳು. ಎಷ್ಟೋ ಮನೆಗಳಲ್ಲಿ ಈ ಓದು ಪಠ್ಯಪುಸ್ತಕದ ಮರೆಯಲ್ಲಿ ನಡೆಯುತ್ತಿತ್ತು. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980), ‘ಪರಿಸರದ ಕತೆ’ (1991) ಕೃತಿಗಳು ಹೈಸ್ಕೂಲು ವಯಸ್ಸಿನವರನ್ನು ಯಾವ ಹಣೆಪಟ್ಟಿಯೂ ಇಲ್ಲದೆ ಸೆಳೆದವು. ಓದುಗನಿಗೆ ಬುದ್ಧಿ ಹೇಳದೆ, ಅವನನ್ನು ಬುದ್ಧಿವಂತನೆಂದೇ ಭಾವಿಸಿ ಬರೆದದ್ದು ಇದಕ್ಕೆ ಕಾರಣವೆಂದು ತೋರುತ್ತದೆ.

ಹದಿಹರೆಯವೇ ವಸ್ತುವಾಗಿರುವ ಕನ್ನಡದ ಶ್ರೇಷ್ಠ ಕಥನಗಳೂ ಇವೆ. ಯು. ಆರ್. ಅನಂತಮೂರ್ತಿಯವರ ‘ಘಟಶ್ರಾದ್ಧ’ದಲ್ಲಿ ಎಳೆಯ ವಿಧವೆ ಯಮುನಕ್ಕನ ದುರಂತವನ್ನು ಒಬ್ಬ ಬಾಲಕ ನೋಡುತ್ತಾನೆ. ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಬಾಲವಿಧವೆಯಾದ ಹುಡುಗಿಗೆ ಮೈನೆರೆಯುವುದೇ ಹೇಗೆ ಶಿಕ್ಷೆಯಾಗುತ್ತದೆ ಎಂಬುದನ್ನು ಹೇಳುತ್ತದೆ. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕೃತಿಯ ನಾದಿರಾ ಎಳೆಯ ವಯಸ್ಸಿನಲ್ಲಿ ಮದುವೆಗೆ, ಆನಂತರ ತಂದೆಯ ಹಟಕ್ಕೆ ಬಲಿಯಾಗುತ್ತಾಳೆ. ಈ ಮೂರೂ ಕೃತಿಗಳು ಹರೆಯವನ್ನು ಕುರಿತವು, ಹರೆಯದವರನ್ನು ಉದ್ದೇಶಿಸಿದವುಗಳಲ್ಲ. ಅವುಗಳಲ್ಲಿ ನೊಂದ ಹುಡುಗಿಯ ಕಥೆಯನ್ನು ಬೇರೊಬ್ಬರು ಹೇಳುತ್ತಾರೆ. ಸಮಾಜದ ಅನ್ಯಾಯವನ್ನು ದೊಡ್ಡವರ ಮುಂದೆ ಇಡುವುದು ಅವುಗಳ ಗುರಿ. ಅದು ನ್ಯಾಯವಾದ ಗುರಿಯೇ. ಆದರೆ ಅದೇ ಸ್ಥಿತಿಯಲ್ಲಿರುವ ಓದುಗಳಿಗೆ ಅವು ನೀಡುವುದು ದುರಂತದ ಅರಿವನ್ನೇ ಹೊರತು ದಾಟುವ ದಾರಿಯನ್ನಲ್ಲ.

ಹದಿಹರೆಯದ ಸ್ವಂತ ಧ್ವನಿಗೆ ತೀರ ಹತ್ತಿರ ಬಂದ ಕನ್ನಡದ ಗದ್ಯ ಕಾದಂಬರಿಯಲ್ಲಿ ಸಿಗದೆ ದಲಿತ ಆತ್ಮಕಥನಗಳಲ್ಲಿ ಸಿಗುತ್ತದೆ ಎಂಬುದು ಗಮನಾರ್ಹ. ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ (1994), ಸಿದ್ಧಲಿಂಗಯ್ಯನವರ ‘ಊರುಕೇರಿ’ ಕೃತಿಗಳಲ್ಲಿ ಕೇರಿ, ಶಾಲೆ, ಹಸಿವು, ಅವಮಾನ, ಗೆಳೆತನ, ಅಕ್ಷರದ ಹಂಬಲ ಇವೆಲ್ಲ ‘ನಾನು’ ಎಂಬ ನಿರೂಪಣೆಯಲ್ಲಿ, ನಗುವನ್ನೂ ಬಿಡದೆ ಬರುತ್ತವೆ. ಹಾಸ್ಟೆಲಿನಲ್ಲಿ ಓದುವ ಹುಡುಗನೊಬ್ಬ ಇವುಗಳಲ್ಲಿ ತನ್ನನ್ನೇ ಕಾಣಬಲ್ಲ. ಮಕ್ಕಳ ಸಾಹಿತ್ಯದ ಚರ್ಚೆಯಲ್ಲಿ ಈ ಕೃತಿಗಳ ಹೆಸರು ಬಾರದಿರುವುದಕ್ಕೆ ನಮ್ಮ ಕಪಾಟುಗಳ ವಿಂಗಡಣೆಯೇ ಕಾರಣ.

4. ಮರವಾದ ಹುಡುಗಿ, ಮರ ಬರೆದ ಹುಡುಗಿ

ಜಾನಪದದ ಕಡೆಗೆ ಬಂದರೆ ಚಿತ್ರ ಬದಲಾಗುತ್ತದೆ. ಆರ್ನಾಲ್ಡ್ ವಾನ್ ಗೆನೆಪ್ 1909ರಲ್ಲಿ ದಾಟುವಿಕೆಯ ಆಚರಣೆಗಳನ್ನು ಬೇರ್ಪಡೆ, ಹೊಸ್ತಿಲ ಸ್ಥಿತಿ, ಮರುಸೇರ್ಪಡೆ ಎಂಬ ಮೂರು ಹಂತಗಳಲ್ಲಿ ವಿವರಿಸಿದರು. ವ್ಲಾದಿಮಿರ್ ಪ್ರಾಪ್ 1946ರ ತಮ್ಮ ಗ್ರಂಥದಲ್ಲಿ ಅದ್ಭುತ ಕಥೆಗಳ ಬೇರುಗಳನ್ನು ಇಂಥ ಆಚರಣೆಗಳಲ್ಲಿ ಹುಡುಕಿದರು. ಮೈನೆರೆದ ಹುಡುಗಿಯನ್ನು ಹಸಿರು ಸೊಪ್ಪಿನ ಗುಡಿಸಲಿನಲ್ಲಿ ಕೂರಿಸಿ, ವಾರಿಗೆಯ ಹುಡುಗಿಯರ ನಡುವೆ ಸೋಬಾನೆ ಹಾಡಿ, ಆರತಿ ಎತ್ತಿ ಒಳಗೆ ಕರೆದುಕೊಳ್ಳುವ ನಮ್ಮ ಒಸಗೆಯಲ್ಲಿ ಈ ಮೂರು ಹಂತಗಳೂ ಸ್ಪಷ್ಟವಾಗಿವೆ. ಆ ಆಚರಣೆಯನ್ನು ಭಾವುಕವಾಗಿ ವೈಭವೀಕರಿಸಬೇಕಾಗಿಲ್ಲ. ಹುಡುಗಿ ಮದುವೆಗೆ ಸಿದ್ಧಳೆಂದು ಊರಿಗೆ ಸಾರುವುದೂ ಅದರ ಕೆಲಸವಾಗಿತ್ತು. ಎಷ್ಟೋ ಹುಡುಗಿಯರ ಶಾಲೆ ಆ ಗುಡಿಸಲಿನಲ್ಲಿಯೇ ಮುಗಿಯಿತು. ಆದರೆ ಆ ಆಚರಣೆಯ ಆಚೀಚೆ ಹೆಂಗಸರು ಹೇಳುತ್ತಿದ್ದ ಕಥೆಗಳು ಆಚರಣೆ ಹೇಳದ್ದನ್ನು ಹೇಳುತ್ತಿದ್ದವು.

ಎ. ಕೆ. ರಾಮಾನುಜನ್ ಕರ್ನಾಟಕದಲ್ಲಿ ಸಂಗ್ರಹಿಸಿ, ಅವರ ನಿಧನಾನಂತರ 1997ರಲ್ಲಿ ಪ್ರಕಟವಾದ ಸಂಕಲನದಿಂದ ಲೋಕಪ್ರಸಿದ್ಧವಾದ ಹೂವಿನ ಮರದ ಕಥೆ ಇದಕ್ಕೆ ಉತ್ತಮ ನಿದರ್ಶನ. ಗಿರೀಶ ಕಾರ್ನಾಡರ ‘ಚೆಲುವಿ’ ಚಲನಚಿತ್ರಕ್ಕೂ ಇದೇ ಆಧಾರ. ಬಡ ತಾಯಿಯ ಕಿರಿಮಗಳು ಎರಡು ಕೊಡ ನೀರಿನಿಂದ ಹೂಬಿಡುವ ಮರವಾಗಬಲ್ಲಳು, ಮತ್ತೆ ಮನುಷ್ಯಳಾಗಬಲ್ಲಳು. ಒಂದು ಎಲೆಯನ್ನೂ ಕುಡಿಯನ್ನೂ ಮುರಿಯದೆ ಹೂ ಕೀಳಬೇಕೆಂಬುದು ನಿಯಮ. ರಾಜಕುಮಾರ ಅವಳನ್ನು ಮದುವೆಯಾಗುತ್ತಾನೆ. ಅವನ ತಂಗಿ ತನ್ನ ಗೆಳತಿಯರೊಡನೆ ಅವಳನ್ನು ತೋಟಕ್ಕೆ ಕರೆದೊಯ್ದು ಮರವಾಗೆಂದು ಒತ್ತಾಯಿಸಿ, ಕೊಂಬೆ ಮುರಿದು, ನೀರನ್ನು ಅರೆಬರೆ ಸುರಿದು ಬಿಟ್ಟುಹೋಗುತ್ತಾಳೆ. ಅವಳು ಕೈಕಾಲಿಲ್ಲದ ಮುದ್ದೆಯಾಗಿ ಉಳಿಯುತ್ತಾಳೆ. ಎಷ್ಟೋ ಕಾಲದ ಮೇಲೆ ಗಂಡ ಅವಳನ್ನು ಗುರುತಿಸಿ, ಮರವಾದ ಅವಳ ಮುರಿದ ಕೊಂಬೆಗಳನ್ನು ಸರಿಯಾಗಿ ಜೋಡಿಸಿ ನೀರೆರೆದಾಗ ಪೂರ್ಣಳಾಗುತ್ತಾಳೆ. ಹೂಬಿಡುವುದಕ್ಕೂ ಮೈನೆರೆಯುವುದಕ್ಕೂ ಇರುವ ಸಂಬಂಧವನ್ನು, ಋತುಮತಿಗೆ ಸಂಸ್ಕೃತದಲ್ಲಿ ‘ಪುಷ್ಪವತಿ’ ಎಂಬ ಹೆಸರಿರುವುದನ್ನು ರಾಮಾನುಜನ್ ತಮ್ಮ ವಿಶ್ಲೇಷಣೆಯಲ್ಲಿ ಗುರುತಿಸಿದ್ದಾರೆ.

ಡಾಕ್ಟರೇಟ್ ಅಧ್ಯಯನದ ಕಾಲದಲ್ಲಿ ತುಮಕೂರು ಸೀಮೆಯ ಒಂದು ಹಳ್ಳಿಯಲ್ಲಿ ಈ ಕಥೆಯ ಒಂದು ಪಾಠವನ್ನು ನಾನು ದಾಖಲಿಸಿಕೊಂಡೆ. ಹೇಳುಗಾರ್ತಿ ಎಪ್ಪತ್ತು ದಾಟಿದವರು. ಕಥೆ ಆರಂಭವಾದಾಗ ಜಗಲಿಯ ಮೇಲೆ ಏಳೆಂಟು ಮಕ್ಕಳಿದ್ದರು. ಮದುವೆಯ ಭಾಗ ಮುಗಿದೊಡನೆ ಅಜ್ಜಿ ಚಿಕ್ಕವರನ್ನು ಮಲಗಲು ಕಳಿಸಿದರು. ಎಂಟನೆಯ ತರಗತಿಯ ಮೊಮ್ಮಗಳನ್ನು ಮಾತ್ರ ‘ನೀನು ಕೂತ್ಕೋ’ ಎಂದು ಉಳಿಸಿಕೊಂಡರು. ಕೊಂಬೆ ಮುರಿಯುವ ಭಾಗವನ್ನು ಅವರು ಹೇಳಿದ್ದು ಆ ಬಳಿಕ. ಮುದ್ದೆಯಾದವಳು ಚರಂಡಿಯಲ್ಲಿ ಬಿದ್ದಿರುವಲ್ಲಿಗೆ ಬಂದಾಗ ಮೊಮ್ಮಗಳು ಕೇಳಿದಳು: ‘ಅಜ್ಜಿ, ಅವ್ಳು ಯಾರ್ಗೂ ಯಾಕ್ ಯೋಳ್ಲಿಲ್ಲ?’ ಅಜ್ಜಿ ಹೇಳಿದರು: ‘ಯೋಳಾಕೆ ಬಾಯಿ ಎಲ್ಲಿತ್ತವ್ವ? ಇದ್ರೂ ಕೇಳೋರು ಯಾರಿದ್ರು?’ ಆಗ ನಾನು ಅದನ್ನು ‘ಹೇಳುಗಾರ್ತಿಯ ಟಿಪ್ಪಣಿ’ ಎಂದು ಅಂಚಿನಲ್ಲಿ ಬರೆದುಕೊಂಡೆ. ಪ್ರಬಂಧದಲ್ಲಿ ಬಳಸಲಿಲ್ಲ, ಪಠ್ಯಕ್ಕೆ ಸೇರಿದ್ದಲ್ಲವೆಂದು ಬಿಟ್ಟೆ. ಅಲ್ಲಿ ಒಂದು ಕಥೆ ಇಬ್ಬರು ಕೇಳುಗರಿಗಾಗಿ ಎರಡಾಗಿತ್ತು, ಕೇಳುಗಳ ಪ್ರಶ್ನೆಯೂ ಕಥೆಯ ಭಾಗವಾಗಿತ್ತು ಎಂಬುದು ನನಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ, ಒಂದು ಅಮೆರಿಕನ್ ಕಾದಂಬರಿಯನ್ನು ಓದುವಾಗ.

ಆ ಕಾದಂಬರಿ ಲಾರಿ ಹಾಲ್ಸ್ ಆಂಡರ್ಸನ್ ಅವರ ‘ಸ್ಪೀಕ್’ (1999). ಪ್ರಿಂಟ್ಜ್ ಪ್ರಶಸ್ತಿಯ ಮೊದಲ ವರ್ಷ ಗೌರವ ಮನ್ನಣೆ ಪಡೆದ ಕೃತಿ. ಹೈಸ್ಕೂಲಿಗೆ ಸೇರುವ ಮುನ್ನಿನ ಬೇಸಗೆಯ ಕೂಟವೊಂದರಲ್ಲಿ ಮೆಲಿಂಡಾ ಎಂಬ ಹುಡುಗಿಯ ಮೇಲೆ ಹಿರಿಯ ವಿದ್ಯಾರ್ಥಿಯೊಬ್ಬ ಅತ್ಯಾಚಾರ ಮಾಡುತ್ತಾನೆ. ಅವಳು ಪೊಲೀಸರಿಗೆ ಕರೆ ಮಾಡುತ್ತಾಳೆ, ಆದರೆ ಕಾರಣವನ್ನು ಹೇಳಲಾರಳು. ಕೂಟ ಕೆಡಿಸಿದಳೆಂದು ವಾರಿಗೆಯವರೆಲ್ಲ ಅವಳನ್ನು ದೂರ ಮಾಡುತ್ತಾರೆ. ಅವಳ ಮಾತು ಕ್ರಮೇಣ ನಿಂತುಹೋಗುತ್ತದೆ. ಕಲಾ ಶಿಕ್ಷಕ ವರ್ಷವಿಡೀ ಚಿತ್ರಿಸಲು ಅವಳಿಗೆ ಕೊಡುವ ವಸ್ತು ಒಂದು ಮರ. ಎಷ್ಟು ಸಲ ಬರೆದರೂ ಅವಳ ಮರಕ್ಕೆ ಜೀವ ಬರುವುದಿಲ್ಲ. ಕೊನೆಗೆ ಕುಂದುಳ್ಳ, ಆದರೆ ಚಿಗುರುವ ಮರವನ್ನು ಬರೆದು, ಶಿಕ್ಷಕನಿಗೆ ತನ್ನ ಕಥೆಯನ್ನು ಹೇಳಲು ತೊಡಗುವಲ್ಲಿ ಕಾದಂಬರಿ ಮುಗಿಯುತ್ತದೆ.

ಈ ಎರಡು ಕಥನಗಳಿಗೆ ಪರಸ್ಪರ ಪ್ರಭಾವ ಕಲ್ಪಿಸುವ ಅಗತ್ಯವಿಲ್ಲ. ಎರಡರಲ್ಲಿಯೂ ಹರೆಯದ ಹುಡುಗಿಯ ದೇಹ, ಮರ, ಮುರಿಯುವಿಕೆ, ಮೂಕತನ, ವಾರಿಗೆಯವರ ದ್ರೋಹ, ಕುಂದಿನಿಂದ ಮರಳುವಿಕೆ ಎಂಬ ಆಶಯಗಳು ಒಂದೇ ಅನುಕ್ರಮದಲ್ಲಿ ಬರುತ್ತವೆ. ಭಿನ್ನತೆ ಇರುವುದು ಚಿಕಿತ್ಸೆಯಲ್ಲಿ. ಜನಪದ ಕಥೆಯಲ್ಲಿ ಮುರಿದದ್ದನ್ನು ಜೋಡಿಸುವ ಕೈ ಇನ್ನೊಬ್ಬರದು. ಅವಳನ್ನು ನೋಯಿಸದೆ ಮುಟ್ಟಬಲ್ಲ ಕೈ ಸಿಗುವವರೆಗೆ ಅವಳು ಕಾಯಬೇಕು. ಕಾದಂಬರಿಯಲ್ಲಿ ಶಿಕ್ಷಕ ಕಾಲಾವಕಾಶವನ್ನಷ್ಟೇ ಕೊಡುತ್ತಾನೆ. ಮರ ಬರೆಯುವವಳೂ ಮಾತು ಪಡೆಯುವವಳೂ ಹುಡುಗಿಯೇ. ಒಂದು ಪರಂಪರೆಯಲ್ಲಿ ಕೇಳುವ ಕಿವಿ ಇತ್ತು, ನಾಯಕಿಗೆ ಬಾಯಿ ಇರಲಿಲ್ಲ. ಇನ್ನೊಂದರಲ್ಲಿ ನಾಯಕಿಗೆ ಬಾಯಿ ದೊರೆಯಿತು. ಓದುಗಳು ಕೋಣೆಯಲ್ಲಿ ಒಬ್ಬಳೇ ಕುಳಿತು ಓದುತ್ತಾಳೆ, ಅವಳ ಪ್ರಶ್ನೆಗೆ ಅಜ್ಜಿ ಇಲ್ಲ.

ಹೀಗೆ ಹೇಳುವಾಗಲೂ ಒಂದು ಎಚ್ಚರಿಕೆ ಬೇಕು. ‘ಸ್ಪೀಕ್’ ಕಾದಂಬರಿಯಲ್ಲಿ ಮೆಲಿಂಡಾ ಶಾಲೆಯ ಶೌಚಾಲಯದ ಗೋಡೆಯ ಮೇಲೆ ಆ ಹುಡುಗನಿಂದ ದೂರವಿರಬೇಕೆಂಬ ಎಚ್ಚರಿಕೆಯನ್ನು ಬರೆಯುತ್ತಾಳೆ. ಕೆಲ ದಿನಗಳಲ್ಲಿ ಅದರ ಕೆಳಗೆ ಬೇರೆ ಹುಡುಗಿಯರು ತಮ್ಮ ಸಾಕ್ಷ್ಯಗಳನ್ನು ಸೇರಿಸುತ್ತಾರೆ. ಇಂಥ ಗೋಡೆಬರಹವನ್ನು ಅಲನ್ ಡಂಡೆಸ್ 1966ರಷ್ಟು ಹಿಂದೆಯೇ ಜಾನಪದದ ಒಂದು ಪ್ರಕಾರವಾಗಿ ಅಭ್ಯಸಿಸಿದ್ದರು. ಹೆಸರಿಲ್ಲದ, ಹಲವರ ಕೈ ಸೇರಿದ, ಬೆಳೆಯುತ್ತ ಹೋಗುವ ಆ ಪಠ್ಯದಿಂದಲೇ ಮೆಲಿಂಡಾಳ ಮೌನ ಸಡಿಲಗೊಳ್ಳತೊಡಗುತ್ತದೆ. ಅಂದರೆ ಅತ್ಯಂತ ವೈಯಕ್ತಿಕವೆಂದು ತೋರುವ ಆಧುನಿಕ ಕಾದಂಬರಿಯೂ ಬಿಕ್ಕಟ್ಟಿನ ಘಟ್ಟದಲ್ಲಿ ಜನಪದದ ಮೊರೆಹೋಗಿದೆ. ಜಗಲಿ ಇಲ್ಲದ ಕಡೆ ಗೋಡೆ ಜಗಲಿಯ ಕೆಲಸ ಮಾಡಿದೆ.

ವಾರಿಗೆಯವರಲ್ಲಿ ಮಾತ್ರ ನಿಜ ಹೇಳುವ ಈ ವಯಸ್ಸಿನ ಸ್ವಭಾವವನ್ನು ನಮ್ಮ ಲಾವಣಿಗಳೂ ಬಲ್ಲವು. ‘ಕೆರೆಗೆ ಹಾರ’ದ ಕಿರಿಸೊಸೆ ಭಾಗೀರಥಿ ತವರಿಗೆ ಹೋದಾಗ ಹೆತ್ತವರಿಗೆ ನಿಜವನ್ನು ಹೇಳುವುದಿಲ್ಲ, ಗೆಳತಿಗೆ ಹೇಳುತ್ತಾಳೆ. ಗೆಳತಿಯೂ ಸಹ ಒಪ್ಪಿಕೊಂಡು ಇರಬೇಕೆನ್ನುತ್ತಾಳೆ. ತರಗತಿಗಳಲ್ಲಿ ಈ ಹಾಡನ್ನು ಸಾಮಾನ್ಯವಾಗಿ ತ್ಯಾಗದ ಕಥೆಯೆಂದು ಪಾಠ ಮಾಡಲಾಗುತ್ತದೆ. ಗೆಳತಿಯ ಮನೆಯ ಆ ನಾಲ್ಕು ಸಾಲುಗಳ ಮೇಲೆ ಪಾಠ ನಿಲ್ಲುವುದಿಲ್ಲ. ಹದಿನಾಲ್ಕರ ವಿದ್ಯಾರ್ಥಿನಿಗೆ ಆ ಲಾವಣಿಯಲ್ಲಿ ಅತ್ಯಂತ ಹತ್ತಿರದ ಭಾಗ ಅದೇ ಆಗಿರಬಹುದು.

5. ಇತ್ತೀಚಿನ ಕನ್ನಡ ಕಾದಂಬರಿಗಳು

ಕಳೆದ ಒಂದೂವರೆ ದಶಕದಲ್ಲಿ ಕನ್ನಡದಲ್ಲಿ ಮಕ್ಕಳ ಕಾದಂಬರಿ ಹೊಸ ಚೈತನ್ಯ ಪಡೆದಿದೆ. ಬಾಲಸಾಹಿತ್ಯ ಪುರಸ್ಕಾರ ಪಡೆದ ಕೃತಿಗಳಲ್ಲಿ ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’ (2011), ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’ (2021), ತಮ್ಮಣ್ಣ ಬೀಗಾರ ಅವರ ‘ಬಾವಲಿ ಗುಹೆ’ (2022), ವಿಜಯಶ್ರೀ ಹಾಲಾಡಿ ಅವರ ‘ಸೂರಕ್ಕಿ ಗೇಟ್’ (2023) ಸೇರಿವೆ. ಇಲ್ಲಿ ಕೊಟ್ಟಿರುವುದು ಪುರಸ್ಕಾರದ ವರ್ಷ. ರಾಜರಾಣಿಯರ ಕಥೆ, ನೀತಿಕಥೆ, ಮಹಾಪುರುಷರ ಚರಿತ್ರೆ ಎಂಬ ಹಳೆಯ ತ್ರಿಕೋನದಿಂದ ಮಕ್ಕಳ ಗದ್ಯ ಹೊರಬಂದಿರುವುದಕ್ಕೆ ಇವು ಸಾಕ್ಷಿ. ಹೆಸರುಗಳನ್ನಷ್ಟೇ ಗಮನಿಸಿದರೂ ಜಾನಪದ ಅಭ್ಯಾಸಿಗೆ ಒಂದು ಸಂಗತಿ ಹೊಳೆಯುತ್ತದೆ. ಮುಳುಗಿದ ಊರು, ಮನೆಬಿಟ್ಟು ಓಡುವುದು, ಗುಹೆ, ಗೇಟು ಇವೆಲ್ಲ ಹೊಸ್ತಿಲಿನ ರೂಪಕಗಳು. ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ದಾಟುವ ಎಡೆಗಳು. ಲೇಖಕರ ಸಂವೇದನೆ ದಾಟುವ ವಯಸ್ಸಿನ ಅಂಚಿಗೆ ಬಂದು ನಿಂತಿದೆ ಎಂಬುದಕ್ಕೆ ಇದಕ್ಕಿಂತ ಸೂಚನೆ ಬೇಡ.

ಈ ಲೇಖಕರಿಗೆ ಇರುವ ತೊಡಕು ಪ್ರತಿಭೆಯದಲ್ಲ, ಕಪಾಟಿನದು. ಒಂಬತ್ತರ ಓದುಗನೂ ಓದಬೇಕೆಂಬ ಷರತ್ತಿನಲ್ಲಿ ಮೈನೆರೆಯುವುದು, ಒಲವು, ಜಾತಿ ಮೀರಿದ ಗೆಳೆತನದ ಬೆಲೆ, ಬಾಲ್ಯವಿವಾಹ, ನಂಬಿದವರಿಂದಲೇ ಆಗುವ ಕಿರುಕುಳ ಇವುಗಳನ್ನು ಹೇಗೆ ಬರೆಯುವುದು? ಭಾರತೀಯ ಇಂಗ್ಲಿಷ್ ಬರಹಗಾರರಲ್ಲಿ ಪಾರೊ ಆನಂದ್ ಅವರು ‘ನೋ ಗನ್ಸ್ ಅಟ್ ಮೈ ಸನ್ಸ್ ಫ್ಯೂನರಲ್’ (2005) ಕೃತಿಯಲ್ಲಿ ಕಾಶ್ಮೀರದ ಉಗ್ರಗಾಮಿಗಳ ಸೆಳೆತಕ್ಕೆ ಸಿಕ್ಕ ಹುಡುಗನ ಕಥೆಯನ್ನು ಹದಿಹರೆಯದ ಓದುಗರಿಗೇ ಬರೆದರು. 2017ರಲ್ಲಿ ಅವರಿಗೆ ಬೇರೊಂದು ಕೃತಿಗಾಗಿ ಅದೇ ಬಾಲಸಾಹಿತ್ಯ ಪುರಸ್ಕಾರ ದೊರೆಯಿತು. ಆ ಧೈರ್ಯಕ್ಕೆ ಇಂಗ್ಲಿಷ್ ಪ್ರಕಾಶನದಲ್ಲಿ ಪ್ರತ್ಯೇಕ ಕಪಾಟು ಇದ್ದದ್ದು ನೆರವಾಯಿತು. ಆದರೆ ಆ ಪುಸ್ತಕಗಳು ತಲಪುವುದು ಇಂಗ್ಲಿಷ್ ಮಾಧ್ಯಮದ ಶಾಲೆಗಳನ್ನು. ಸರಕಾರಿ ಪ್ರೌಢಶಾಲೆಯ ಕನ್ನಡ ಮಾಧ್ಯಮದ ಹುಡುಗಿಗೆ ಅವು ದೂರ.

ಇದು ಕೇವಲ ಸಾಹಿತ್ಯ ಪ್ರಕಾರದ ಪ್ರಶ್ನೆಯಾಗಿದ್ದರೆ ಇಷ್ಟು ಹೇಳುವ ಅಗತ್ಯವಿರಲಿಲ್ಲ. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವರ್ಷದ ಮಹಿಳೆಯರಲ್ಲಿ ಸುಮಾರು ಐವರಲ್ಲಿ ಒಬ್ಬಳಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆ 2012ರಲ್ಲಿ ಬಂದಿದೆ. ಕಾಯ್ದೆಗೆ ದೂರು ಬೇಕು. ದೂರಿಗೆ ಮಾತು ಬೇಕು. ತನಗಾದದ್ದನ್ನು ಹೇಳಲು ಬೇಕಾದ ವಾಕ್ಯಗಳನ್ನು ಯಾರೂ ಹುಟ್ಟಿನಿಂದ ತರುವುದಿಲ್ಲ. ಬೇರೊಬ್ಬಳು ಹೇಳಿದ್ದನ್ನು ಕೇಳಿಯೋ ಓದಿಯೋ ಕಲಿಯುತ್ತಾರೆ. ಕಥನದ ಸಾಮಾಜಿಕ ಕಾರ್ಯ ಎಂದು ನಾವು ತರಗತಿಯಲ್ಲಿ ಕಲಿಸುವುದು ಇದನ್ನೇ.

6. ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಅಮೆರಿಕದ ಹದಿಹರೆಯದ ಕಾದಂಬರಿ ಪ್ರೇಮದಿಂದ ಸಮಸ್ಯೆಗೆ, ಸಮಸ್ಯೆಯಿಂದ ಅದ್ಭುತಕ್ಕೆ, ಮತ್ತೆ ಸಾಕ್ಷ್ಯಕ್ಕೆ ಚಲಿಸಿದೆ. ಈ ಎಲ್ಲ ಚಲನೆಯಲ್ಲಿ ಅದರ ಸ್ಥಾಯಿ ಲಕ್ಷಣ ಆ ವಯಸ್ಸಿನವರದೇ ಧ್ವನಿ. ಕನ್ನಡದಲ್ಲಿ ಹರೆಯವನ್ನು ಕುರಿತ ಶ್ರೇಷ್ಠ ಕೃತಿಗಳಿವೆ, ಹರೆಯದವರನ್ನು ಉದ್ದೇಶಿಸಿದ ಕೃತಿಗಳು ಕಡಿಮೆ. ಜನಪದ ಕಥನ ಉದ್ದೇಶವನ್ನು ಬಲ್ಲದು. ಯಾವ ಮಾತನ್ನು ಯಾರ ಮುಂದೆ, ಯಾವ ಹೊತ್ತಿನಲ್ಲಿ ಹೇಳಬೇಕೆಂಬ ವಿವೇಕ ಅದರಲ್ಲಿದೆ. ಆದರೆ ಅದರ ನಾಯಕಿಗೆ ತನ್ನ ಕಥೆಯನ್ನು ತಾನೇ ಹೇಳುವ ಅವಕಾಶ ಸೀಮಿತ. ಈ ಎರಡು ಪರಂಪರೆಗಳ ಬಲವನ್ನು ಕೂಡಿಸಬಲ್ಲ ಕಾದಂಬರಿಗೆ ಕನ್ನಡದಲ್ಲಿ ಎಡೆಯಿದೆ.

ಇದಕ್ಕೆ ಮಾಡಬಹುದಾದ ಕೆಲಸಗಳೂ ಇವೆ. ಪ್ರಶಸ್ತಿಗಳಲ್ಲಿಯೂ ಗ್ರಂಥಾಲಯಗಳ ಆಯ್ಕೆಯಲ್ಲಿಯೂ ಹನ್ನೆರಡು ಮೀರಿದ ಓದುಗರನ್ನು ಪ್ರತ್ಯೇಕವಾಗಿ ಪರಿಗಣಿಸಬಹುದು. ಅಕಾಡೆಮಿಗಳು ಜನಪದ ಕಥಾ ಸಂಪುಟಗಳನ್ನು ಹೊರತರುವಾಗ ಕಥೆಯೊಂದಿಗೆ ಕೇಳುಗರ ವಯಸ್ಸು, ಹೇಳಿದ ಸಂದರ್ಭ, ನಡುವೆ ಬಂದ ಪ್ರಶ್ನೆಗಳನ್ನು ದಾಖಲಿಸಬಹುದು. ಪಠ್ಯವನ್ನು ಶುದ್ಧಗೊಳಿಸುವ ಹುಮ್ಮಸ್ಸಿನಲ್ಲಿ ನಾವು ಅಂಚಿಗೆ ತಳ್ಳಿದ ಟಿಪ್ಪಣಿಗಳಲ್ಲಿ ಹದಿಹರೆಯದ ಓದುಗಳಿಗೆ ಬೇಕಾದ ಕಾದಂಬರಿಗಳ ಬೀಜಗಳಿವೆ. ನನ್ನ ಕ್ಷೇತ್ರಕಾರ್ಯದ ಪುಸ್ತಕದಲ್ಲಿ ಅಂಥ ಒಂದು ಪ್ರಶ್ನೆ ಉಳಿದಿದೆ. ಎಂಟನೆಯ ತರಗತಿಯ ಆ ಹುಡುಗಿ ಅದನ್ನು ಕೇಳಿದಾಗ ಜಗಲಿಯ ಮೇಲೆ ಇಬ್ಬರು ಹಿರಿಯರಿದ್ದೆವು. ಉತ್ತರ ಕೊಟ್ಟವರು ಅಜ್ಜಿ ಮಾತ್ರ.